ಹತ್ತರಿಂದ ಕೆಳಗೆ

ಮೂವತ್ತೊಂದು ವರ್ಷ ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ
ಜನರನ್ನು ಮಲಗಿಸುವುದೇ ನನ್ನ ಕಸುಬು.
"ಹತ್ತರಿಂದ ಕೆಳಗೆ ಎಣಿಸಿ" ಅನ್ನುತ್ತಿದ್ದೆ.
ಎಂಟು ಅನ್ನುವಾಗ ನಾಲಿಗೆ ತೊದಲುವುದು,
ಏಳರ ಹೊತ್ತಿಗೆ ರೆಪ್ಪೆ.
ಆರು ಕಂಡವರು ಕಡಿಮೆ.
ಈ ಊರಿನ ಅರ್ಧ ಜನರ ಜೊತೆ
ನಾನು ಆಡಿದ್ದು ಅಷ್ಟೇ ಮಾತು.

ಹೋದ ಚಳಿಗಾಲ ಅಡುಗೆಮನೆಯಲ್ಲಿ ಜಾರಿದೆ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ;
ನನಗೆ ಹಾಗೆ ಹೇಳಿಕೊಳ್ಳಲು ಮೀಸೆಯೂ ಇಲ್ಲ.
ನಾಲ್ಕು ಗಂಟೆ ನೆಲದ ಮೇಲೆ.
ಫ್ರಿಜ್ಜು ಗುಂಯ್ ಅನ್ನುವುದು, ನಿಲ್ಲುವುದು, ಮತ್ತೆ ಗುಂಯ್.
ಮೇಜಿನಡಿ ಒಂದು ಒಣ ಬಟಾಣಿ.
ಅದನ್ನೇ ನೋಡುತ್ತ ಮಗ್ಗಿ ಹೇಳಿಕೊಂಡೆ, ಕನ್ನಡದಲ್ಲಿ,
ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಬಿದ್ದೆ.
ಕೊನೆಗೆ ಬಾಗಿಲು ತಟ್ಟಿದವನು ಪಾರ್ಸೆಲ್ಲಿನ ಹುಡುಗ,
ಅದೂ ಪಕ್ಕದ ಮನೆಯ ಪಾರ್ಸೆಲ್ಲು.

ಮುರಿದದ್ದೇನೂ ಇರಲಿಲ್ಲ.
ನನ್ನ ಸ್ಟೆತಾಸ್ಕೋಪಿಗಿಂತ ಚಿಕ್ಕ ವಯಸ್ಸಿನ ಡಾಕ್ಟರು
ಚೀಟಿ ಬರೆದುಕೊಟ್ಟಳು:
ಮಂಗಳವಾರ ಹತ್ತೂವರೆ, ಮೆಥಡಿಸ್ಟ್ ಚರ್ಚಿನ ಹಿಂದಿನ ಹಾಲ್.
"ಊಟಕ್ಕೆ ಮುಂಚೆಯೋ, ಆಮೇಲೋ?" ಅಂದೆ.
ಅವಳು ನಗಲಿಲ್ಲ. "ಬಿಸ್ಕತ್ತು ಕೊಡುತ್ತಾರೆ," ಅಂದಳು.

ಹನ್ನೊಂದು ಕುರ್ಚಿ, ಬೆನ್ನು ಹಿಡಿದು
ಒಂಟಿ ಕಾಲಲ್ಲಿ ಹನ್ನೊಂದು ಮುದಿ ಕೊಕ್ಕರೆ.
ಕೇಲಿ ಎಂಬ ಹುಡುಗಿ ಎಣಿಸುತ್ತಾಳೆ, ಒಂದರಿಂದ ಮೇಲಕ್ಕೆ.
ಪಂಕಜಾಕ್ಷಿ ಯಾರ ಬಾಯಲ್ಲೂ ನಿಲ್ಲದೆ
ಎರಡನೇ ವಾರಕ್ಕೇ ನಾನು ಪ್ಯಾನ್ಸಿ.
ತಾವರೆಯಿಂದ ಕುಂಡದ ಹೂವಿಗೆ ಇಳಿದೆ. ಇರಲಿ.
ಕೆಸರಂತೂ ಇಲ್ಲೂ ಇದೆ, ಹಂಬರ್ ನದಿಯ ಬಾಯಿ ತುಂಬ.

ಐಸ್‌ಲ್ಯಾಂಡಿನ ಕಡಲಿಗೆ ಮೀನಿಗೆ ಹೋಗುತ್ತಿದ್ದ ಕ್ಲಿಫರ್ಡ್,
ಎರಡು ಬೆರಳು ಹಗ್ಗದ ಯಂತ್ರಕ್ಕೆ ಕೊಟ್ಟವನು,
ಚಹಾ ಕುಡಿಯುತ್ತ ನನ್ನ ದನಿಯನ್ನೇ ಆಲಿಸಿದ.
"ಹರ್ನಿಯಾ, ತೊಂಬತ್ನಾಲ್ಕು. ನೀವೇ ಅಲ್ಲವೇ?
ನಾನು ಐದರ ತನಕ ಹೋಗಿದ್ದೆ."
ಮುಖ ನೆನಪಾಗಲಿಲ್ಲ. "ಐದು ದೊಡ್ಡದು," ಅಂದೆ.
ಅದನ್ನವನು ಹಾಲಿಗೆಲ್ಲ ಸಾರಿದ.
"ಎದ್ದ ಮೇಲೆ ಏನು ಮಾಡಿದಿರಿ?"
ಯಾರನ್ನೂ ಕೇಳಿರದ ಪ್ರಶ್ನೆ ಬಾಯಿಗೆ ಬಂತು.
ಅವನು ಹೇಳತೊಡಗಿದ. ಇನ್ನೂ ಮುಗಿದಿಲ್ಲ.

ಅಲ್ಲಿ ಒಂದೇ ಕಟ್ಟಳೆ:
ಹನ್ನೊಂದರೊಳಗೆ ಬಾರದವರ ಬಾಗಿಲಿಗೆ
ಯಾರಾದರೂ ಹೋಗಬೇಕು.

ಮಾರ್ಚಿನಲ್ಲಿ ಒಂದು ದಿನ ಮೋರೀನಳ ಕುರ್ಚಿ ಖಾಲಿ.
ಲೆಸ್ಲಿಯ ವ್ಯಾನಿನಲ್ಲಿ ಹೋದೆವು.
ಕಾಗದದ ಕಿಂಡಿಯಿಂದ ಕ್ಲಿಫರ್ಡ್ ಕೂಗಿದ,
ಒಳಗಿನಿಂದ ಬೈಗುಳ ಬಂತು. ಸದ್ಯ.
ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು, ಪಾದ ಹೊರಕ್ಕೆ ತಿರುಗಿತ್ತು.
ಸೊಂಟ. ಮುಟ್ಟದೆಯೇ ತಿಳಿಯಿತು.
ಮಂಡಿ ಬೇಡವೆಂದರೂ ಪಕ್ಕ ಕೂತು ಮಣಿಕಟ್ಟು ಹಿಡಿದೆ.
ಮುಷ್ಟಿಯಲ್ಲಿ ಸಿಕ್ಕ ಗುಬ್ಬಿ.
ಆಂಬುಲೆನ್ಸಿಗೆ ಐವತ್ತು ನಿಮಿಷ ಅಂದರು.
ಅವಳ ಕಣ್ಣು ತೇಲತೊಡಗಿತು,
ಆ ತೇಲುವುದು ನನಗೆ ಗೊತ್ತು,
ಎಷ್ಟೋ ಬೆಳಗು ನಾನೇ ಕೊಟ್ಟದ್ದು.
"ಮೋರೀನ್, ಎಣಿಸು."
"ಹತ್ತರಿಂದಲಾ?"
"ಅಲ್ಲ, ಒಂದರಿಂದ. ನಿಲ್ಲಿಸಕೂಡದು."

ನೂರಾ ಎಂಬತ್ತರಲ್ಲಿ ಲೆಸ್ಲಿ ಕಂಬಳಿ ಹುಡುಕಿ ತಂದ.
ನಾನೂರರ ಹತ್ತಿರ ತಪ್ಪಿದಳು, ಕ್ಲಿಫರ್ಡ್ ತಿದ್ದಿದ,
ಅವನಿಗೂ ಒಂದು ಬೈಗುಳ.
ಸಾವಿರ ದಾಟಿದ ಮೇಲೆ ನಾಲ್ವರೂ ಎಣಿಸುತ್ತಿದ್ದೆವು,
ನಾನು ಒಳಗೊಳಗೇ ಕನ್ನಡದಲ್ಲಿ.
ಎರಡು ಸಾವಿರದ ಹದಿಮೂರು ಅನ್ನುವಾಗ
ಹಸಿರು ಅಂಗಿಯ ಹುಡುಗರು ಒಳಗೆ ಬಂದರು.

ಸೊಂಟ ಕೂಡಿಸಿದ್ದಾರೆ, ವಾರ್ಡಿನಲ್ಲಿದ್ದಾಳೆ.
ಆಪರೇಷನ್ನಿನ ದಿನ ಮಾಸ್ಕಿನವನೊಬ್ಬ ಹತ್ತರಿಂದ ಕೆಳಗೆ ಅಂದನಂತೆ.
"ನಮ್ಮ ಪ್ಯಾನ್ಸಿಯನ್ನು ಕೇಳಿ ಬಾ," ಅಂದಳಂತೆ ಇವಳು.

ನಾಳೆ ಮಂಗಳವಾರ, ಬಿಸ್ಕತ್ತಿನ ಸರದಿ ನನ್ನದು.
ಕೋಡುಬಳೆ ಕರಿದಿಟ್ಟಿದ್ದೇನೆ.
ಕಟ್ಟಿಸಿಕೊಂಡ ಹಲ್ಲುಗಳು
ಎಷ್ಟು ತಡೆದಾವೋ, ನೋಡಬೇಕು.