ಏಳು ಏಳು ಏಳು

ಹಾಸನದ ಆಲೂಗಡ್ಡೆ ಮಂಡಿ, ಮಹಡಿ ಮೇಲಿನ ಕೋಣೆ.
ರಾತ್ರಿ ಹನ್ನೊಂದೂವರೆ. ಬೆಳಗ್ಗೆ ಆರಕ್ಕೆ
ಬಿತ್ತನೆಗಡ್ಡೆಯ ಟೋಕನ್ ಶುರು.
ಪುಟ ತೆರೆಯುತ್ತದೆ, ಹೆಸರು ಕೇಳುತ್ತದೆ, ಊರು ಕೇಳುತ್ತದೆ,
ಪಹಣಿಯ ಫೋಟೋ ಹಾಕಿದೊಡನೆ
ಹದಿಮೂರನೇ ನಂಬರಿನ ತಪ್ಪು:
ಅನುಮತಿ ಇಲ್ಲ.

ಯಾರ ಅನುಮತಿ? ನಾನೇ ಕಟ್ಟಿದ ಫೋಲ್ಡರು.
ಪಟ್ಟಿ ತೆಗೆದರೆ ಒಡೆಯನ ಕಾಲಮ್ಮಿನಲ್ಲಿ
ರೂಟ್, ರೂಟ್, ರೂಟ್.
ನಿನ್ನೆ ಅವಸರಕ್ಕೆ ಸುಡೋ ಹಾಕಿದ ಕೈ
ಇದೇ, ಈಗ ಕೆನ್ನೆಗೆ ಊರಿರುವುದು.

ಫೋನಿನಲ್ಲಿ ತಬಸ್ಸುಮ್ ಆಕಳಿಸುತ್ತಾಳೆ:
"ಏಳು ಏಳು ಏಳು ಕೊಡೇ, ಏಳುತ್ತೆ."
ಎಲ್ಲರಿಗೂ ಎಲ್ಲವೂ. ಓದು, ಬರೆ, ಒಳಗೆ ನುಗ್ಗು.
ನಾನೂ ಗಟ್ಟಿಯಾಗಿ ಅಂದುಕೊಂಡೆನೇನೋ,
ಬಾಗಿಲ ಬಳಿ ತೂಕಡಿಸುತ್ತಿದ್ದ ವಾಚ್‌ಮನ್ ರಂಗಶೆಟ್ಟಿ
ಧಡಕ್ಕನೆ ನಿಂತ: "ಎದ್ದೇ ಇದೀನಿ ಮೇಡಂ!"

ಸೊಂಟದಲ್ಲಿ ಬೀಗದಕೈ ಗೊಂಚಲು.
ಕೋಲ್ಡ್ ಸ್ಟೋರೇಜಿನದು ಯಾವುದು, ಕೇಳಿದೆ.
"ಅದು ನನ್ನತ್ರ ಇಲ್ಲ. ಗೇಟಿಂದು ಮಾತ್ರ.
ನಾನು ಗೇಟು ತೆಗೀದಿದ್ರೆ
ಒಳಗಿನ ಕೀ ಇಟ್ಕೊಂಡು ಅವರೇನ್ ಮಾಡ್ತಾರೆ?"

ಗೇಟು.
ಕೊನೆಯ ಫೋಲ್ಡರನ್ನೇ ತಿದ್ದುತ್ತಾ ಕೂತಿದ್ದೆ.
ಮೇಲಿನದಕ್ಕೆ ಹೋದೆ. ಅದರ ಮೇಲಿನದಕ್ಕೆ.
ಅಲ್ಲಿತ್ತು, ಎಕ್ಸ್ ಇರಬೇಕಾದಲ್ಲಿ ಒಂದು ಅಡ್ಡಗೆರೆ,
ಹೊಸ್ತಿಲ ಮೇಲೆ ಮಲಗಿದ ಬೆಕ್ಕಿನ ಹಾಗೆ.
ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಏಳು ಏಳು ಏಳು ಕೊಡಲಿಲ್ಲ.
ಒಡೆತನ ಸರ್ವರಿಗೆ, ದಾಟಲಷ್ಟು ದಾರಿ ಗುಂಪಿಗೆ,
ಉಳಿದವರಿಗೆ ಸೊನ್ನೆ.
ರಂಗಶೆಟ್ಟಿ ಮತ್ತೆ ನಿದ್ದೆಗೆ ಜಾರಿದ್ದ.

ಆರು ಗಂಟೆ ನಾಲ್ಕು ನಿಮಿಷಕ್ಕೆ ಮೊದಲ ಫೋಟೋ, ದುದ್ದದಿಂದ:
ಅರ್ಧ ಪಹಣಿ. ಇನ್ನರ್ಧ,
ಕ್ಯಾಮೆರಾಗೆ ಅಡ್ಡ ಬಂದ ಹೆಬ್ಬೆಟ್ಟು.