ಐದೋ, ಎಂಟೋ

ಆಸ್ಪತ್ರೆಯ ಗೋಡೆಗೆ ಕೈಬರಹದ ಚೀಟಿ:
ಐದರ ಸೂಜಿ, ಆರು ಸಾವಿರ ಯೆನ್.
ಎಂಟರ ಸೂಜಿ, ಎಂಟೂವರೆ.
ಒಕಾರ ನನ್ನ ಬೂಟಿನ ಮೇಲೆ ಗದ್ದವಿಟ್ಟು ಕೂತಿದ್ದಾಳೆ.
ಮೈ ಅವಳದು, ಲೆಕ್ಕ ನನ್ನದು.

ತೋಫು ಮಾಡುವವನು ನಾನು. ಸೋಯಾ ಕಾಳು ಹಿಂಡಿ ಉಳಿದ
ಬಿಳಿ ಹಿಪ್ಪೆಗೆ ನಮ್ಮಲ್ಲಿ ಒಕಾರ ಅನ್ನುತ್ತಾರೆ.
ಅಂಗಡಿಯ ಹಿಂದೆ ಅದೇ ಬಕೆಟ್ಟಿನಲ್ಲಿ
ಮೂತಿ ಹುದುಗಿಸಿಕೊಂಡು ಸಿಕ್ಕಿದ ಮರಿ;
ಬೇರೆ ಹೆಸರು ಹುಡುಕಲಿಲ್ಲ.

ಹೊರಡುವಾಗ ಸನಾಯೆ ಆಡಿದ್ದು ಒಂದೇ ಮಾತು:
"ಐದು."
ಹೋದ ವರ್ಷ ಎಂಟು ಹಾಕಿಸಿದ ಸಂಜೆ
ಇವಳ ಮುಖ ಹಬೆಯಿಂದ ಆಗಷ್ಟೇ ಇಳಿಸಿದ ಬನ್ನು,
ಅದರಲ್ಲಿ ಕಣ್ಣೆರಡು ಎಳ್ಳು.
ಸ್ಕೂಟರಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಸನಾಯೆ ಹಾರಿಬಂದಳು ಇಲ್ಲಿಗೆ.
ನಾನು ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದೆ.
ಆ ಮಾತನ್ನವಳು ಈತನಕ ಎತ್ತಿಲ್ಲ.
ಎತ್ತದಿರುವುದೂ ಒಂದು ಸೂಜಿ.

ಆದರೆ ಐದರಲ್ಲಿಲ್ಲದ ಆ ಮೂರರಲ್ಲಿ
ಎರಡು ಇಲಿಜ್ವರದವು.
ಏಪ್ರಿಲ್. ನಾಟಿ ಮುಗಿದಿದೆ, ಕಾಲುವೆ ತುಂಬಿದೆ,
ಇಲಿ ಈಜಿದ ನೀರಿಗೆ ನಾಲಿಗೆ ಇಡದೆ
ಒಕಾರ ಒಂದು ದಿನ ಮನೆ ಸೇರಿದವಳಲ್ಲ.
ನನ್ನ ಸೋದರಮಾವ ತ್ಸುನೆಯೋಶಿ
ಬರಿಗಾಲಲ್ಲಿ ಕೊಯ್ಲಿಗಿಳಿದವನು
ಹತ್ತೇ ದಿನಕ್ಕೆ ಅರಿಶಿನದ ಬಣ್ಣಕ್ಕೆ ತಿರುಗಿದ.
'ಅಕಿಯಾಮಿ' ಅಂದರು ಹಿರಿಯರು, ಶರತ್ಕಾಲದ ಬೇನೆ.
ಬದುಕಿದ.
ಆಮೇಲೆ ಮಾತ್ರ ಕಾಲುವೆಯ ಹಲಗೆ ದಾಟುವಾಗಲೂ
ಉಸಿರು ಬಿಗಿಹಿಡಿಯುತ್ತಿದ್ದ,
ನೀರಿಗೆ ಕೇಳಿಸೀತು ಎಂಬಂತೆ.

ಅತ್ತ ದರಿ, ಇತ್ತ ಹುಲಿ: ಅದು ದೊಡ್ಡವರ ಸಂಕಟ.
ನನಗೆ ಅತ್ತ ಸೂಜಿ, ಇತ್ತ ಇಲಿ.

ಡಾಕ್ಟರ್ ನಾಗತೋಮೊ, ಇನ್ನೂ ಎಳೆಯ ಹುಡುಗಿ,
ಎಲ್ಲ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಕಚ್ಚಿದಳು.
"ಒಂದೇ ದಿನ ಎಲ್ಲ ಹಾಕಲೇಬೇಕೆಂದು ಯಾರಂದರು?
ಇವತ್ತು ಐದು.
ತಿಂಗಳು ಬಿಟ್ಟು ಇಲಿಜ್ವರದ್ದೊಂದೇ, ಬೆಳಿಗ್ಗೆ ಒಂಬತ್ತಕ್ಕೆ.
ಆ ದಿನ ಪೂರ್ತಿ ಪಕ್ಕದಲ್ಲೇ ಇರಿ, ಮುಖ ನೋಡುತ್ತಿರಿ.
ಖಾತ್ರಿ ಕೇಳಬೇಡಿ. ಕಾಲುವೆಯೂ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ."

ಆ ದಿನ ಪೂರ್ತಿ!
ಹತ್ತೊಂಬತ್ತು ವರ್ಷದಲ್ಲಿ ನಾನು ಅಂಗಡಿ ಮುಚ್ಚಿದ್ದು
ಎರಡು ಸಲ, ಎರಡೂ ಸಲ ಬಿರುಗಾಳಿಗೆ.

ಮೇ ತಿಂಗಳು ಬಂತು. ಬಾಗಿಲಿಗೆ ಚೀಟಿ ಅಂಟಿಸಿದೆ:
'ಇಂದು ರಜೆ. ನಾಯಿಯ ಕೆಲಸವಿದೆ.'
ಸನಾಯೆ ಅದನ್ನು ಓದಿದಳು, ಏನೂ ಅನ್ನಲಿಲ್ಲ,
ಮೂಲೆ ಎದ್ದಿದ್ದಲ್ಲಿ ಇನ್ನೊಂದು ತುಂಡು ಟೇಪು ಹಚ್ಚಿದಳು.

ಇಡೀ ದಿನ ಗಂಟೆಗೊಮ್ಮೆ ತುಟಿಯೆತ್ತಿ ವಸಡು ನೋಡಿದೆವು,
ಒಮ್ಮೆ ಅವಳ ಹೆಬ್ಬೆರಳು, ಒಮ್ಮೆ ನನ್ನದು.
ಒಕಾರಳಿಗೆ ಬೇಸರ ಬಂದು ಗೋಡೆಯತ್ತ ತಿರುಗಿ ಮಲಗಿದಳು.

ರಾತ್ರಿ ಎರಡಕ್ಕೆ ಎದ್ದು ದೀಪ ಹಾಕಿದೆ.
ಉಬ್ಬಿದ್ದು ನೆನೆಹಾಕಿದ ಕಾಳು ಮಾತ್ರ,
ಬಕೆಟ್ಟಿನ ಅಂಚಿನ ತನಕ.
ಕಣ್ಣು ತೆರೆಯದೆಯೇ ಸನಾಯೆ ಕೇಳಿದಳು, "ಮುಖ?"
"ಅವಳದೇ" ಅಂದೆ.