ಗದಗ ಮುಟ್ಟೂತನಕ

ಬೆಟಗೇರಿ ಓಣ್ಯಾಗ ಮಗ್ಗದ ಸಪ್ಪಳ ಇನ್ನೂ ಶುರು ಆಗಿಲ್ಲ.
ಹಳೇ ಸ್ಲೀಪರ್ ಕಟ್ಟಿಗಿ ಮ್ಯಾಲೆ ಪದ್ಮಿನಿ ಏರಿ ನಿಂತೈತಿ,
ಕೆಳಗ ಗೋಣಿಚೀಲದ ಮ್ಯಾಲೆ ಅಂಗಾತ ನಾನು.
ಬ್ಯಾಟರಿ ಹಿಡದಾಕಿ ಎದುರುಮನಿ ಮೆಹಜಬೀನ್:
"ಕಾಕಾ, ನಿಮ್ಮ ಗಡ್ಡಕ್ಕೂ ತುಕ್ಕ ಹತ್ತೇತಿ."

ಟಾಕಿಯಿಂದ ಎಂಜಿನ್ ತನಕ ಒಂದ ಕಬ್ಬಿಣದ ನಳಗಿ,
ಮುಟ್ಟಿದರ ಹಪ್ಪಳ.
ಸೋರೂದು ಎಲ್ಲಿ ಅಂತ ಹುಡುಕಿದರ
ಸಿಕ್ಕದ್ದು ತೂತಲ್ಲ, ಸಾಬೂನು.
ಅರಿವಿ ಒಗಿಯೂ ಸಾಬೂನು, ಕಲ್ಲಾಗಿ, ಮಣ್ಣಿನ ಬಣ್ಣಕ್ಕ ತಿರುಗಿ,
ಮ್ಯಾಲೆ ಸೈಕಲ್ ಟ್ಯೂಬಿನ ಸುತ್ತು.

ಸುತ್ತು ಬಿಚ್ಚಿದೆ.
ಒಳಗ ಒಂದು ಹೆಬ್ಬೆಟ್ಟು.
ಗೆರಿ ಗೆರಿ ಹಂಗ ಅದಾವ.

ಯಾರದೋ.
ನನಗಿಂತ ಮುಂಚೆ ಮೂರು ಮಂದಿ ಮಾಲಕರು,
ಅವರ ಡ್ರೈವರ್‌ಗಳು, ಡ್ರೈವರ್‌ಗಳ ಅಳಿಯಂದಿರು.
ಅಣ್ಣಿಗೇರಿ ದಾಟಿ, ಹತ್ತಿ ಹೊಲದ ಬಾಜೂಕ
ಗಾಡಿ ಕೆಮ್ಮಿ ನಿಂತಾಗ
ಒಳಗ ಬೆವರೂ ಮಂದಿಗೆ ಅಂದಿರಬೇಕು:
"ಗದಗ ಮುಟ್ಟೂತನಕ ಏನೂ ಆಗೂದಿಲ್ಲ, ಕೂಡ್ರಿ."

ಆಮ್ಯಾಲೆ ಎಷ್ಟು ಸಲ ಮುಟ್ಟಿತೋ ಗದಗ.

ಹೊಸಾ ತಾಮ್ರದ ನಳಗಿ ಸೀದಾ ಬಗ್ಗಿಸಿದರ ಮುರಕೊಳ್ತೈತಿ.
ಕುಕ್ಕರ್ ತಂದು, ಅದರ ಗುಂಡ ಹೊಟ್ಟಿಗೆ ಆನಿಸಿ
ಸಾವಕಾಶ, ಕೂಸಿನ ಕಾಲು ಮಡಚಿಧಂಗ.
ಬಾಗಿಲದಿಂದ ಅಕಿ ಅಂದಳು:
"ಅನ್ನಕ್ಕ ವಾಸನಿ ಬಂದ್ರ ನೀವ ಉಣ್ರಿ."

ನಟ್ ಬಿಗಿದೆ. ಕೀಲಿ ತಿರುವಿದೆ.
ಎರಡು ಸಲ ಮುನಿಸು, ಮೂರನೇದಕ್ಕ ಮಾತು.
ಕೆಳಗ ಹಾಸಿದ ಪೇಪರಿನ ಮ್ಯಾಲೆ
ನಿನ್ನಿ ಸುದ್ದಿ ಒಣಾ ಒಣಾ.

ಕೈ ತೊಳಕೊಳ್ಳಾಕ ಸಾಬೂನು ಕೇಳಿದರ
ಹುಡುಗಿ ಕೊಟ್ಟದ್ದು ಅದನ್ನ.

ನೋಡದನ ತಿಕ್ಕಿದೆ.
ನೊರಿ ಬಂತು.